ಜೆರ್ಸಿ ಸಿಟಿಯ ಆರು ಕಿತ್ತಳೆ

ಈಸ್ಟ್ ಬ್ರನ್ಸ್‌ವಿಕ್

ಮೂವತ್ತೆಂಟು ವರ್ಷ ಪ್ರೂಫ್ ತಿದ್ದಿದವನಿಗೆ ಪರದೇಶಕ್ಕೆ ಹೋದರೂ ಊರು ಕಾಣುವುದಿಲ್ಲ, ಊರಿನ ಬೋರ್ಡುಗಳು ಕಾಣುತ್ತವೆ. ನ್ಯೂಜೆರ್ಸಿಗೆ ಬಂದಿಳಿದ ಮೊದಲ ಮೂರು ದಿನ ನಾನು ಕಾರಿನ ಕಿಟಕಿಗೆ ಮೂಗು ಒತ್ತಿಕೊಂಡು, ಹೆದ್ದಾರಿಯ ಹಸಿರು ಫಲಕಗಳಲ್ಲಿ ಒಂದಾದರೂ ತಪ್ಪು ಸಿಕ್ಕೀತೇ ಎಂದು ಹುಡುಕಿದೆ. ಸಿಗಲಿಲ್ಲ. ಇಷ್ಟು ದೊಡ್ಡ ದೇಶದಲ್ಲಿ ನನ್ನಂಥವನಿಗೆ ಕೆಲಸವೇ ಇಲ್ಲವಲ್ಲ ಎಂದು ಬೇಜಾರಾಯಿತು. ನಾಲ್ಕನೆಯ ದಿನ ನಮ್ಮ ಕಡೆಯವರದೇ ಒಂದು ದಿನಸಿ ಅಂಗಡಿಯ ಗಾಜಿಗೆ ಅಂಟಿಸಿದ್ದ ಚೀಟಿಯಲ್ಲಿ ಬದನೆಕಾಯಿಯ ಇಂಗ್ಲಿಷ್ ಹೆಸರು ಒಂದಕ್ಷರ ಕಳೆದುಕೊಂಡು ಕೂತಿತ್ತು. ಆ ದಿನ ಒಂದು ಮುದ್ದೆ ಹೆಚ್ಚಿಗೆ ಇಳಿಯಿತು.

ನಾನು ಬಂದದ್ದು ಇಲ್ಲಿರುವ ತಮ್ಮನ ಮಗಳ ಮದುವೆಗೆ. ಮದುವೆ ಮುಗಿಯಿತು, ನೆಂಟರು ಚದುರಿದರು, ನನ್ನ ವಿಮಾನಕ್ಕೆ ಮಾತ್ರ ಇನ್ನೂ ಹನ್ನೆರಡು ದಿನ ಉಳಿದಿತ್ತು. ಬೆಳಿಗ್ಗೆ ಮಫ್ಲರ್ ಸುತ್ತಿಕೊಂಡು ವಾಕಿಂಗ್ ಹೊರಟರೆ ಇಡೀ ಬೀದಿಗೆ ನಾನೊಬ್ಬನೇ. ಮೈಸೂರಿನಲ್ಲಿ ಆ ಹೊತ್ತಿಗೆ ಹಾಲಿನವರು, ಪೇಪರಿನವರು, ಹೂವಿನವರು, ಅವರೆಲ್ಲರ ಜೊತೆ ಜಗಳಕ್ಕೆ ನಿಂತ ನಾಯಿಗಳು ಇರುತ್ತವೆ. ಇಲ್ಲಿ ಜಿಂಕೆ ಇತ್ತು. ಅದು ಯಾರದೋ ಅಂಗಳದಲ್ಲಿ ಹೂವಿನ ಗಿಡ ಮೇಯುತ್ತ, ನೀನು ಯಾರು ಎನ್ನುವ ಹಾಗೆ ನನ್ನನ್ನೇ ನೋಡಿತು. ಮೂರನೆಯ ಬೆಳಿಗ್ಗೆ ಒಬ್ಬ ಹೆಂಗಸು ಕಾರು ನಿಲ್ಲಿಸಿ, ನಿಮ್ಮ ಗಾಡಿ ಕೆಟ್ಟಿದೆಯೇ, ಎಲ್ಲಿಗಾದರೂ ಬಿಡಬೇಕೇ ಎಂದು ಕೇಳಿದಳು. ಸುಮ್ಮನೆ ನಡೆಯುತ್ತಿದ್ದೇನೆ ಎಂದರೆ ಅವಳಿಗೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ.

ಇಲ್ಲಿನವರ ಒಂದು ಅಭ್ಯಾಸವಂತೂ ನನ್ನನ್ನು ಸುಸ್ತು ಮಾಡಿಬಿಟ್ಟಿತು. ಲೈಬ್ರರಿಯಿರಲಿ, ಅಂಗಡಿಯಿರಲಿ, ಮುಂದೆ ಹೋದವರು ಹಿಂದೊಬ್ಬರು ಬರುತ್ತಿರುವುದನ್ನು ಕಂಡರೆ ಬಾಗಿಲು ಹಿಡಿದು ನಿಂತುಬಿಡುತ್ತಾರೆ. ಹಿಂದಿನವನು ಇಪ್ಪತ್ತು ಮಾರು ದೂರದಲ್ಲಿದ್ದರೂ ಸರಿ. ಅವರನ್ನು ಕಾಯಿಸಬಾರದೆಂದು ನಾನು ಮಂಡಿನೋವಿನಲ್ಲೂ ಓಡಬೇಕು. ಸಿಟಿ ಬಸ್ಸಿನ ಬಾಗಿಲಲ್ಲಿ ಮೊಣಕೈ ಪೆಟ್ಟು ತಿಂದು ಬೆಳೆದವನಿಗೆ ಇದು ಉಪಕಾರವೋ ಕಸರತ್ತೋ ಗೊತ್ತಾಗಲಿಲ್ಲ.

ಮದುವೆಯದು ನೆಪ ಎಂದರೆ ತಮ್ಮ ಮುನಿಸಿಕೊಂಡಾನು, ಆದರೆ ನನ್ನ ಸೂಟ್‌ಕೇಸಿನ ತಳದಲ್ಲಿ, ಕೊಬ್ಬರಿ ಮಿಠಾಯಿಯ ಡಬ್ಬದ ಕೆಳಗೆ, ಇನ್ನೂರು ಚಿಲ್ಲರೆ ಪುಟಗಳ ಒಂದು ಪ್ರೂಫ್ ಕಟ್ಟು ಇತ್ತು. ಅದನ್ನು ತಲುಪಿಸಬೇಕಾದ ಮನೆ ಕೆಂಡಲ್ ಪಾರ್ಕ್ ಎಂಬ ಹತ್ತಿರದ ಊರಿನಲ್ಲಿತ್ತು.

ಕೆಂಡಲ್ ಪಾರ್ಕ್

ಸುಗುಣಾ ಮೇಡಂ ಅವರಿಗೆ ಈಗ ಎಂಬತ್ತಮೂರು. ಮೈಸೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಯಜಮಾನರು ತೀರಿಕೊಂಡು ಎಷ್ಟೋ ವರ್ಷದ ಮೇಲೆ ಮಗಳು ಶೀಲಾ ಇವರನ್ನು ಇಲ್ಲಿಗೆ ಕರೆಸಿಕೊಂಡಳು. ಕಣ್ಣಿನ ನಡುಭಾಗ ಮಂಕಾಗಿದೆ. ಎದುರಿಗಿರುವವರ ಅಂಚು ಕಾಣುತ್ತದೆ, ಮುಖ ಕಾಣುವುದಿಲ್ಲ. ಅಚ್ಚಿನ ಅಕ್ಷರ ಅಂತೂ ಇಲ್ಲವೇ ಇಲ್ಲ. ಆದರೂ ನಾನು ಒಳಗೆ ಕಾಲಿಟ್ಟ ಕೂಡಲೇ ಕುರ್ಚಿಯಿಂದಲೇ ಕೇಳಿದರು:

"ಬನ್ನಿ ಮಾದಯ್ಯನೋರೆ. ಎಷ್ಟು ಫಾರಂ ಪ್ರೂಫ್ ತಂದಿದೀರಿ?"

"ಪೂರ್ತಿ ತಂದಿದೀನಿ ಮೇಡಂ. ಸೋಮವಾರ ಅಚ್ಚಿಗೆ ಹೋಗಬೇಕಂತೆ."

ಮೂವತ್ತೈದು ವರ್ಷದ ಹಿಂದೆ ಮೇಡಂ ಕನ್ನಡಕ್ಕೆ ತಂದ ಪುಸ್ತಕ ಅದು. ಹತ್ತೊಂಬತ್ತನೆಯ ಶತಮಾನದ ಒಬ್ಬ ಸ್ಕಾಟಿಷ್ ಕಾದಂಬರಿಕಾರನ ಜೀವನ ಮತ್ತು ಅಲೆದಾಟ. ಅವನು ತನ್ನ ಪಯಣಗಳ ಬಗ್ಗೆ ತಾನೇ ಬರೆದುಕೊಂಡದ್ದನ್ನೂ ಜೊತೆಗೆ ಸೇರಿಸಿದ್ದರು. ಈಗ ಮೈಸೂರಿನ ಒಬ್ಬ ಪ್ರಕಾಶಕರು ಅದರ ಎರಡನೆಯ ಮುದ್ರಣಕ್ಕೆ ಮನಸ್ಸು ಮಾಡಿದ್ದರು. ಮೊದಲ ಮುದ್ರಣದ ಪ್ರೂಫ್ ನೋಡಿದವನು ನಾನೇ ಆದ್ದರಿಂದ ನಿವೃತ್ತನಾದವನನ್ನು ಮತ್ತೆ ಕರೆದಿದ್ದರು.

ಆ ಕಾದಂಬರಿಕಾರನ ಹೆಸರನ್ನು ಮೇಡಂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಹಿಂದಿನ ಕಾಲದ ಹೆಂಗಸರು ಗಂಡನ ಹೆಸರು ಹೇಳದ ಹಾಗೆ ಅವರು ಯಾವಾಗಲೂ 'ನಮ್ಮವನು' ಅನ್ನುತ್ತಿದ್ದರು. ನನಗೂ ಅದೇ ರೂಢಿಯಾಗಿದೆ. ನಮ್ಮವನು ಸಮುದ್ರದ ದೀಪಸ್ತಂಭ ಕಟ್ಟುವವರ ಮನೆತನದಲ್ಲಿ ಹುಟ್ಟಿದ. ಹುಟ್ಟಿದಾಗಿನಿಂದ ಎದೆ ಸರಿಯಿಲ್ಲ, ಆಳು ಕಡ್ಡಿ ಪೈಲ್ವಾನ. ಲಾ ಓದಿಸಿದರೆ ಕಥೆ ಬರೆಯುತ್ತ ಕೂತ. ಒಂದು ಕತ್ತೆಯನ್ನು ಜೊತೆ ಮಾಡಿಕೊಂಡು ಫ್ರಾನ್ಸಿನ ಬೆಟ್ಟಗಳಲ್ಲಿ ಅಲೆದ. ಕ್ಯಾಲಿಫೋರ್ನಿಯಾದಲ್ಲಿದ್ದ ಒಬ್ಬ ಹೆಂಗಸಿನ ಮೇಲಿನ ಪ್ರೀತಿಗೆ, ಮನೆಯವರಿಗೆ ಹೇಳದೆ ಕೇಳದೆ, ವಲಸೆಗಾರರ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದ. ಬಂದ ದಿನ ಅಲ್ಲಿ ಎಡೆಬಿಡದ ಮಳೆ. ಎಷ್ಟು ನೆಂದನೆಂದರೆ ಬಟ್ಟೆ ಒಣಗುವ ಆಸೆ ಬಿಟ್ಟು ತಂಗಿದ್ದ ಮನೆಯಲ್ಲೇ ಬಿಸಾಕಿ ಹೊರಟ. ಹಡ್ಸನ್ ದಾಟಿ ಜೆರ್ಸಿ ಸಿಟಿಯಲ್ಲಿ ವಲಸೆಗಾರರ ರೈಲು ಹತ್ತಿದ. ಕೊನೆಗೆ ದಕ್ಷಿಣ ಸಮುದ್ರದ ಒಂದು ದ್ವೀಪದಲ್ಲಿ ಸತ್ತಾಗ ಅಲ್ಲಿನ ಜನ ಅವನನ್ನು ಹೆಗಲ ಮೇಲೆ ಹೊತ್ತು ಬೆಟ್ಟದ ತುದಿಗೆ ಒಯ್ದರು. ಅಷ್ಟು ಪ್ರೀತಿ ಗಳಿಸಿದ್ದ.

ಈ ಪುಸ್ತಕವನ್ನು ನಾವು ಅಚ್ಚಿಗೆ ಸಿದ್ಧಮಾಡಿದ ರೀತಿಯನ್ನೂ ಹೇಳಬೇಕು. ಆಗಿನ ಪ್ರೆಸ್ಸುಗಳಲ್ಲಿ ಪ್ರೂಫ್ ನೋಡುವುದು ಇಬ್ಬರ ಕೆಲಸ. ಒಬ್ಬರು ಹಸ್ತಪ್ರತಿ ಹಿಡಿದು ಗಟ್ಟಿಯಾಗಿ ಓದಬೇಕು. ಬರೀ ಮಾತಲ್ಲ, ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ, ಎಲ್ಲವನ್ನೂ ಬಾಯಲ್ಲಿ ಹೇಳಬೇಕು. ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು ತಿದ್ದಬೇಕು. ಓದುವವರ ಕೈಯಲ್ಲಿರುವುದನ್ನು ತಿದ್ದುವವನು ನೋಡುವುದಿಲ್ಲ. ಕಿವಿಯ ಮೇಲೆ ನಂಬಿಕೆಯಿಟ್ಟು ಮಾಡುವ ಕೆಲಸ. ಸಂಜೆ ಕಾಲೇಜು ಬಿಟ್ಟ ಮೇಲೆ ಮೇಡಂ ಪ್ರೆಸ್ಸಿಗೆ ಬಂದು ಓದುತ್ತಿದ್ದರು, ನಾನು ತಿದ್ದುತ್ತಿದ್ದೆ. ಇನ್ನೂರು ಪುಟದಲ್ಲಿ ಒಂದು ತಪ್ಪು ಉಳಿದಿರಲಿಲ್ಲ. ಅದನ್ನು ನಾನು ಇವತ್ತಿನವರೆಗೆ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದೇನೆ.

ಅದರಲ್ಲಿ ಜೆರ್ಸಿ ಸಿಟಿಯ ಒಂದು ಸಾಲು ನನ್ನೊಳಗೆ ನಿಂತುಬಿಟ್ಟಿತು. ದಣಿದು, ಹಸಿದು, ಕೆಮ್ಮುತ್ತ ಪ್ಲಾಟ್‌ಫಾರಂ ಮೇಲೆ ಕೂತ ನಮ್ಮವನು ಆರು ಕಿತ್ತಳೆ ಕೊಳ್ಳುತ್ತಾನೆ. ಎರಡನ್ನು ತಿಂದು ಉಳಿದ ನಾಲ್ಕನ್ನು ಅಲ್ಲಿದ್ದ ವಲಸೆಗಾರರ ಮಕ್ಕಳ ಕೈಗಿಡುತ್ತಾನೆ. ಅವನಿಗೇ ಗತಿಯಿಲ್ಲದ ಹೊತ್ತಿನಲ್ಲಿ. ಆ ವರ್ಷದ ಆಯುಧಪೂಜೆಯಲ್ಲಿ ಪ್ರೆಸ್ಸಿನ ಮಷಿನ್ನಿಗೆ ಹೂವು ಏರಿಸಿದ ಮೇಲೆ ನಾನು ಓಣಿಯ ಮಕ್ಕಳಿಗೆಲ್ಲ ಒಂದೊಂದು ಕಿತ್ತಳೆ ಕೊಟ್ಟೆ, ಈ ಕಥೆಯನ್ನೂ ಹೇಳಿದೆ. ಅಲ್ಲಿಂದ ಒಂದು ವರ್ಷವೂ ತಪ್ಪಿಸಿಲ್ಲ. ಮೊದಲ ವರ್ಷ ಹಣ್ಣು ತಿಂದವರು ಈಗ ತಮ್ಮ ಮಕ್ಕಳನ್ನು ಕಳಿಸುತ್ತಾರೆ.

"ಮೇಡಂ, ಇಷ್ಟು ದೂರ ಬಂದಿದೀನಿ. ಜೆರ್ಸಿ ಸಿಟಿ ನೋಡ್ಲೇಬೇಕು. ಅವನು ಬಂದ ಹಾಗೇ ನದಿ ದಾಟಿ ಬರಬೇಕು," ಎಂದೆ. "ಆರು ಕಿತ್ತಳೆನೂ ತಗೊಂಡ್ ಹೋಗ್ತೀನಿ."

ಮೇಡಂ ಪ್ರೂಫ್ ಕಟ್ಟಿನ ಅಂಚನ್ನು ಬೆರಳಿನಿಂದ ಸವರಿದರು. ಆಮೇಲೆ, "ನಾನೂ ಬರ್ತೀನಿ," ಎಂದರು. ವಯಸ್ಸಾದವರ ಹುಮ್ಮಸ್ಸು ಅಂದುಕೊಂಡೆ.

ಹಡ್ಸನ್ ನದಿ

ಶೀಲಾ ಬಾಸ್ಕಿಂಗ್ ರಿಡ್ಜಿನ ಆಫೀಸೊಂದರಲ್ಲಿ ಕೆಲಸ ಮಾಡುತ್ತಾಳೆ. ದಿನಾ ಅಷ್ಟು ದೂರ ಡ್ರೈವ್ ಮಾಡುವವಳು ನಮಗಾಗಿ ಶುಕ್ರವಾರ ರಜೆ ಹಾಕಿ ಮತ್ತೆ ಡ್ರೈವ್ ಮಾಡಿದಳು. ಜೆರ್ಸಿ ಸಿಟಿಯಲ್ಲಿ ಕಾರು ನಿಲ್ಲಿಸಿ, ನದಿ ದಾಟಿಸುವ ಫೆರಿಯಲ್ಲಿ ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ನಿಗೆ ಹೋಗುವುದು, ಸ್ವಲ್ಪ ಹೊತ್ತು ಓಡಾಡಿ, ನಮ್ಮವನ ಹಾಗೆ ಅಲ್ಲಿಂದ ಈ ಕಡೆಗೆ ದಾಟುವುದು ಎಂದು ಲೆಕ್ಕ. ಅಂದು ಮಳೆಯೂ ಅವನಿಗೆ ಹಿಡಿದ ಹಾಗೇ ಹಿಡಿದಿತ್ತು. ಶೀಲಾಗೆ ತಲೆಬಿಸಿ, ನನಗೆ ಒಳಗೊಳಗೇ ಖುಷಿ.

ಮ್ಯಾನ್‌ಹ್ಯಾಟನ್ನಿನ ದಡದಲ್ಲಿ ಇಳಿದ ಮೇಲೆ ಮೇಡಂ ಕೊಡೆ ಬೇಡವೆಂದರು.

"ಅಮ್ಮಾ, ಪ್ಲೀಸ್. ನ್ಯುಮೋನಿಯಾ ಆದ್ರೆ ಏನ್ ಮಾಡ್ತೀಯಾ?"

"ಅವನ ಮೇಲೂ ಹೀಗೇ ಸುರೀತಲ್ಲ. ಎರಡು ನಿಮಿಷ ಸುಮ್ನಿರು."

ವಾಕರ್ ಹಿಡಿದು, ರೇನ್‌ಕೋಟಿನ ಟೋಪಿಯನ್ನು ಹಿಂದಕ್ಕೆ ಸರಿಸಿ, ಆಕಾಶಕ್ಕೆ ಮುಖ ಕೊಟ್ಟು ನಿಂತರು. ಎತ್ತರದ ಕಟ್ಟಡಗಳು ಅವರಿಗೆ ಕಾಣುತ್ತಿರಲಿಲ್ಲ. ಮೋಡದಲ್ಲಿ ತಲೆ ಹುದುಗಿಸಿಕೊಂಡಿದ್ದರಿಂದ ನನಗೂ ಅಷ್ಟಾಗಿ ಕಾಣಲಿಲ್ಲ. ಆಫೀಸಿನ ಜನ ನಮ್ಮನ್ನು ಬಳಸಿಕೊಂಡು ಹೋದರು. ಒಬ್ಬರೂ ತಿರುಗಿ ನೋಡಲಿಲ್ಲ. ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಎಂಬತ್ತು ದಾಟಿದ ಹೆಂಗಸೊಬ್ಬರು ಹೀಗೆ ಮಳೆಯಲ್ಲಿ ನಿಂತಿದ್ದರೆ ಇಷ್ಟು ಹೊತ್ತಿಗೆ ಹತ್ತು ಜನ ಸೇರಿ, ಮಗಳಿಗೆ ಬುದ್ಧಿ ಹೇಳಿ, ಕಾಫಿ ತರಿಸಿ, ಯಾರ ಪೈಕಿ ಎಂದು ವಿಚಾರಿಸಿ ಮುಗಿಸಿರುತ್ತಿದ್ದರು.

ನಾನು ಬೋರ್ಡೊಂದನ್ನು ಓದುತ್ತ ನಡೆದು ಪಾದಚಾರಿ ದಾರಿಯ ಅಂಚಿನ ಹೊಂಡದಲ್ಲಿ ಎರಡೂ ಕಾಲಿಟ್ಟೆ. ಕಾಲುಚೀಲದಿಂದ ನೀರು ಹಿಂಡಿದರೆ ಒಂದು ಚೊಂಬು ತುಂಬುತ್ತಿತ್ತು. ಅವನ್ನು ಅಲ್ಲೇ ಕಸದ ಡಬ್ಬಿಗೆ ಹಾಕಿ, ನಮ್ಮವನ ಸಂಪ್ರದಾಯ ಪಾಲಿಸಿದೆನೆಂದು ಹೆಮ್ಮೆಪಟ್ಟೆ.

ಹಿಂದಕ್ಕೆ ಬರುವ ಫೆರಿಯ ಬಾಗಿಲನ್ನು ಕೋಟು ತೊಟ್ಟ ಒಬ್ಬ ಯುವಕ ಮೇಡಂಗಾಗಿ ಹಿಡಿದು ನಿಂತ. ವಾಕರಿನ ನಡಿಗೆ ಆಮೆಯ ನಡಿಗೆ. ಅವನು ಪೂರ್ತಿ ಎರಡು ನಿಮಿಷ ಮಳೆಯಲ್ಲಿ ನೆನೆಯುತ್ತ, ಮುಖದಲ್ಲಿ ಒಂದು ಗೆರೆ ಬದಲಾಗದೆ ನಿಂತಿದ್ದ. ಆ ಅಭ್ಯಾಸವನ್ನು ಗೇಲಿ ಮಾಡಿದ್ದಕ್ಕೆ ನನಗೆ ನಾಚಿಕೆಯಾಯಿತು. ಒಳಗೆ ಏಳೆಂಟು ಜನ, ಎಲ್ಲರ ಕೈಯಲ್ಲೂ ಕಾಫಿ. ನಮ್ಮವನು ದಾಟುವಾಗ ವಲಸೆಗಾರರು ನುಗ್ಗಿದ ಭಾರಕ್ಕೆ ದೋಣಿ ಒಂದು ಪಕ್ಕಕ್ಕೆ ವಾಲಿತ್ತು. ನಾವು ಬಂದ ಫೆರಿ ಗಂಜಿ ತಟ್ಟೆಯ ಹಾಗೆ ಮಟ್ಟಸವಾಗಿ ಹೋಯಿತು. ನಾನು ಕಿಟಕಿಯಿಂದ ಕಂಡದ್ದನ್ನೆಲ್ಲ ಹೇಳುತ್ತ ಬಂದೆ, ಮೇಡಂ ಕಣ್ಣು ಮುಚ್ಚಿ ಕೇಳುತ್ತ ಬಂದರು.

ಜೆರ್ಸಿ ಸಿಟಿ

ಅವನ ಕಾಲದ ರೈಲು ನಿಲ್ದಾಣ ಈಗಿಲ್ಲ. ನದಿಯ ದಡದಲ್ಲಿ ಗಾಜಿನ ಕಟ್ಟಡಗಳು ಸಾಲಾಗಿ ನಿಂತಿವೆ. ಅದೇ ಜಾಗವೋ, ಅದರ ಆಸುಪಾಸೋ, ನಾವು ಒಂದು ಚಾವಣಿಯ ಕೆಳಗಿನ ಬೆಂಚು ಹಿಡಿದು ಕೂತೆವು. ಶೀಲಾ ಕಾರು ತರಲು ಹೋದಳು.

ಅದೇ ಚಾವಣಿಯ ಕೆಳಗೆ ಮಳೆ ನಿಲ್ಲಲೆಂದು ಒಬ್ಬ ತಾಯಿ, ನಾಲ್ಕೈದು ವರ್ಷದ ಮಗಳ ಕೈ ಹಿಡಿದು ನಿಂತಿದ್ದಳು. ಇದಕ್ಕಿಂತ ಒಳ್ಳೆಯ ಗಳಿಗೆ ಎಲ್ಲಿ ಸಿಗುತ್ತದೆ? ಚೀಲದಿಂದ ಒಂದು ಕಿತ್ತಳೆ ತೆಗೆದು ಮಗುವಿನ ಮುಂದೆ ಹಿಡಿದೆ. ತಾಯಿ ನಕ್ಕು, "ನೋ ಥ್ಯಾಂಕ್ಯೂ ಸರ್," ಎಂದು ಮಗುವನ್ನು ತನ್ನ ಇನ್ನೊಂದು ಪಕ್ಕಕ್ಕೆ ಸರಿಸಿಕೊಂಡಳು. ಸಂಕೋಚವಿರಬೇಕೆಂದು ನಾನು ಇನ್ನೊಂದನ್ನೂ ತೆಗೆದು, "ವೆರಿ ಸ್ವೀಟ್, ವೆರಿ ಸ್ವೀಟ್," ಎಂದೆ. ಅವಳ ನಗು ಮಾಯವಾಯಿತು. ಮಗುವನ್ನು ಎತ್ತಿಕೊಂಡು ಸುರಿಯುವ ಮಳೆಯಲ್ಲೇ ನಡೆದುಬಿಟ್ಟಳು.

ನಾನು ನನ್ನನ್ನು ನೋಡಿಕೊಂಡೆ. ಬರಿಗಾಲಿಗೆ ನೆಂದ ಬೂಟು, ಕತ್ತಿಗೆ ಮಫ್ಲರ್, ಎರಡೂ ಕೈಯಲ್ಲಿ ಹಣ್ಣು. ಅವಳ ಜಾಗದಲ್ಲಿ ನಾನಿದ್ದರೂ ಹೊರಟುಹೋಗುತ್ತಿದ್ದೆನೇನೋ. ಆದರೂ ಮನಸ್ಸು ಮುರಿಯಿತು.

"ನೋಡಿ ಮೇಡಂ. ಅವನು ಕೊಟ್ಟಾಗ ಇದೇ ಊರಲ್ಲಿ ಮಕ್ಕಳು ತಗೊಂಡ್ವು. ನಾನು ಕೊಟ್ರೆ ಕಳ್ಳನ್ನ ನೋಡ್ದಂಗೆ ನೋಡಿ ಹೋದ್ಲು."

ಮೇಡಂ ವಾಕರಿನ ಹಿಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡರು.

"ಅವನೂ ಕೊಡ್ಲಿಲ್ಲ ಮಾದಯ್ಯನೋರೆ."

ಮಳೆಯ ಸದ್ದಿಗೆ ತಪ್ಪಾಗಿ ಕೇಳಿಸಿಕೊಂಡೆನೆಂದು ನಾನು ಹತ್ತಿರ ಸರಿದೆ. ಅವರು ಮತ್ತೆ ಹೇಳಿದರು. ಆರು ಹಣ್ಣಿನಲ್ಲಿ ರಸವಿದ್ದದ್ದು ಎರಡರಲ್ಲಿ ಮಾತ್ರ. ಉಳಿದ ನಾಲ್ಕು ಒಣಗಿದ್ದವು. ಅವನು ಅವನ್ನು ರೈಲಿನ ಕೆಳಗೆ ಎಸೆದ. ಹಸಿದ ಜನ, ಮಕ್ಕಳಲ್ಲದೆ ದೊಡ್ಡವರೂ, ಹಳಿಗಳ ನಡುವೆ ತಡಕಾಡಿ ಅವನ್ನು ಹುಡುಕಿದರು. ಅವನು ಕನಸು ಕಂಡವನ ಹಾಗೆ ನೋಡುತ್ತ ಕೂತಿದ್ದ. ಅವನೇ ಬರೆದುಕೊಂಡದ್ದು ಇಷ್ಟು. ಮಕ್ಕಳ ಕೈಗೆ ಹಣ್ಣು ಕೊಟ್ಟದ್ದು ಮೇಡಂ.

"ಆಗ ನಮ್ಮ ಯಜಮಾನ್ರು ಎದೆರೋಗದ ಆಸ್ಪತ್ರೆಲಿದ್ರು. ಅವರ ಮಂಚದ ಪಕ್ಕ ಕೂತೇ ಪುಸ್ತಕ ಮಾಡ್ದೆ. ಈ ಕಡೆ ಅವರು ಕೆಮ್ಮೋರು, ಪುಸ್ತಕದೊಳಗೆ ಇವನು ಕೆಮ್ಮೋನು. ಆ ಸಾಲು ಬಂದಾಗ ಮೂರು ದಿನ ಪೆನ್ನು ಮುಟ್ಲಿಲ್ಲ. ಅಷ್ಟು ಕಷ್ಟ ಪಟ್ಟೋನು ಹೀಗೆ ಮಾಡ್ದ ಅಂತ ಬರಿಯೋಕೆ ಕೈ ಬರ್ಲಿಲ್ಲ. ನಾಲ್ಕನೇ ದಿನ ಮಕ್ಕಳ ಕೈಗೆ ಕೊಟ್ಬಿಟ್ಟೆ."

"ನನ್ನೆದುರಿಗೇ ಓದಿದ್ರಲ್ಲ ಮೇಡಂ."

"ನಾನು ಬರೆದದ್ದನ್ನೇ ಓದ್ದೆ. ನೀವು ಅದನ್ನೇ ತಿದ್ದಿದ್ರಿ. ಇಂಗ್ಲಿಷ್ ಪುಸ್ತಕ ನನ್ನ ಬ್ಯಾಗಲ್ಲೇ ಇತ್ತು. ಈ ಸಲ ಸರಿ ಮಾಡಬೇಕು. ನಾನು ಹೋದ್ಮೇಲೆ ಮಾಡೋರು ಯಾರೂ ಇಲ್ಲ. ಅದಕ್ಕೇ ನೀವೇ ಬರಬೇಕು ಅಂತ ಕಾಯ್ತಿದ್ದೆ."

ನನಗೆ ಸಿಟ್ಟು ಬಂತು ಎಂದು ಬರೆಯಲು ಈಗ ಸಂಕೋಚವಾಗುತ್ತದೆ, ಆದರೆ ಬಂದದ್ದು ನಿಜ. ಒಂದೊಂದು ಕೊಂಬು, ಇಳಿ, ಒತ್ತನ್ನೂ ಹಸ್ತಪ್ರತಿಗೆ ಹೋಲಿಸಿ ನೋಡಿದವನು ನಾನು. ಆ ಹಸ್ತಪ್ರತಿಯನ್ನು ಮೂಲಕ್ಕೆ ಹೋಲಿಸಬೇಕೆಂದು ಒಂದು ದಿನವೂ ತೋಚಲಿಲ್ಲ. ಒಂದೂ ತಪ್ಪಿಲ್ಲದ ಪುಸ್ತಕದಲ್ಲಿ ಅಷ್ಟು ದೊಡ್ಡ ತಪ್ಪು ಮೂವತ್ತೈದು ವರ್ಷ ಕಾಲು ಚಾಚಿ ಮಲಗಿತ್ತು. ಮೂವತ್ತೈದು ಆಯುಧಪೂಜೆ, ಅಷ್ಟೂ ಮಕ್ಕಳಿಗೆ ನಾನು ಸುಳ್ಳು ಕಥೆ ಹೇಳಿದ್ದೆ. ಶೀಲಾಳ ಕಾರು ಬಂತು. ಕೆಂಡಲ್ ಪಾರ್ಕಿನವರೆಗೆ ನಾನು ಬೋರ್ಡುಗಳನ್ನೂ ಓದಲಿಲ್ಲ.

ಶನಿವಾರ, ಊಟದ ಮೇಜು

ಮೈಸೂರಿನಲ್ಲಿ ಸೋಮವಾರ ಬೆಳಗಾಗುವಾಗ ಇಲ್ಲಿ ಭಾನುವಾರದ ಸಂಜೆ. ಅಷ್ಟರೊಳಗೆ ತಿದ್ದಿದ ಪುಟಗಳನ್ನು ಶೀಲಾ ಸ್ಕ್ಯಾನ್ ಮಾಡಿ ಕಳಿಸಬೇಕಿತ್ತು. ತಮ್ಮನಿಗೆ ಫೋನು ಮಾಡಿ ನಾನು ಮೇಡಂ ಮನೆಯಲ್ಲೇ ಉಳಿದಿದ್ದೆ. ಶನಿವಾರ ಮಧ್ಯಾಹ್ನ ಮೇಡಂ ಮೇಜಿನ ಎದುರು ಕೂತು, ಬೆನ್ನು ನೆಟ್ಟಗೆ ಮಾಡಿಕೊಂಡು, ಹೊಸ ಸಾಲನ್ನು ಹೇಳಿದರು. ಇಷ್ಟು ವರ್ಷ ಬಾಯಲ್ಲೇ ಇಟ್ಟುಕೊಂಡಿದ್ದವರ ಹಾಗೆ ಎಲ್ಲೂ ತಡವರಿಸಲಿಲ್ಲ. ಹಳೆಯ ಪದ್ಧತಿಯಂತೆ ಅಲ್ಪವಿರಾಮಗಳನ್ನೂ ಹೇಳಿದರು.

ನಾನು ಪೆನ್ನನ್ನು ಕಾಗದದ ಮೇಲೆ ಇಟ್ಟೆ. ಬರೆಯಲಿಲ್ಲ.

ಆ ಕ್ಷಣದಲ್ಲಿ ನನಗೆ ನೂರು ಕಾರಣ ಸಿಕ್ಕವು. ಯಾರಿಗೆ ಏನು ನಷ್ಟ? ಓದುವವರ ಪಾಲಿಗೆ ಒಬ್ಬ ಒಳ್ಳೆಯವನು ಇರಲಿ. ಮೈಸೂರಿನಲ್ಲಿ ಈ ಪುಸ್ತಕವನ್ನು ಮೂಲದ ಜೊತೆ ಇಟ್ಟು ನೋಡುವವರು ಯಾರಿದ್ದಾರೆ? ನಾನೇ ನೋಡಿರಲಿಲ್ಲ. ಅಕ್ಟೋಬರಿನಲ್ಲಿ ಮಕ್ಕಳು ಬಂದು ನಿಂತಾಗ ಅವರಿಗೆ ಏನು ಹೇಳುವುದು? ಇದೆಲ್ಲದರ ತಳದಲ್ಲಿ ಇದ್ದದ್ದು ಬೇರೆ: ಆ ಸಾಲು ನನ್ನದಾಗಿತ್ತು, ಬಿಟ್ಟುಕೊಡಲು ಮನಸ್ಸಿರಲಿಲ್ಲ.

"ಬರೆದ್ರಾ?"

"ಹೂಂ ಮೇಡಂ."

"ಓದಿ ನೋಡೋಣ."

ಓದಿದೆ. ಕಾಗದದ ಮೇಲೆ ಇಲ್ಲದ್ದನ್ನು, ಅವರು ಈಗಷ್ಟೇ ಹೇಳಿದ್ದನ್ನು, ನೆನಪಿನಿಂದ ಅಲ್ಪವಿರಾಮ ಸಮೇತ ಒಪ್ಪಿಸಿದೆ. ನನ್ನ ದನಿ ಸ್ವಲ್ಪವೂ ನಡುಗಲಿಲ್ಲ. ಮೇಡಂ ಕೈ ಚಾಚಿ, ಮೇಜನ್ನು ತಡವಿ, ಆ ಹಾಳೆಯನ್ನು ಹುಡುಕಿ ಅದರ ಮೇಲೆ ಅಂಗೈ ಇಟ್ಟರು.

"ಸರಿಯಾಗಿದೆ. ಎಷ್ಟು ಹಗುರ ಆಯ್ತು ಗೊತ್ತಾ ನಂಗೆ."

ಅವತ್ತು ಮೇಡಂ ಅಡುಗೆಮನೆಯಲ್ಲಿ ಕೂತು ಚರ್ಚಿನ ಹಳೆಯ ಕೀರ್ತನೆಯೊಂದನ್ನು ಗುನುಗುತ್ತ ಹುರುಳಿಕಾಯಿ ನಾರು ತೆಗೆದರು. ಶೀಲಾ ಬಸ್ಸಾರು ಬಡಿಸಿದಳು, ನಾನು ಅರ್ಧ ಮುದ್ದೆಗೇ ಕೈ ತೊಳೆದೆ.

ಭಾನುವಾರ

ಬೆಳಿಗ್ಗೆ ಎದ್ದು ಬಂದಾಗ ಶೀಲಾ ಒಬ್ಬಳೇ ಕಾಫಿ ಕುಡಿಯುತ್ತಿದ್ದಳು. ನನ್ನ ಇಂಗ್ಲಿಷ್ ಬೋರ್ಡು ಓದುವಷ್ಟರದು. ಅಮ್ಮನ ಮೂಲ ಪುಸ್ತಕದಲ್ಲಿ ಕಿತ್ತಳೆಯ ಜಾಗ ಓದಿ ಹೇಳಮ್ಮ ಎಂದೆ. ಅವಳು ಕಪಾಟಿನಿಂದ ಹಸಿರು ರಟ್ಟಿನ ಹಳೆಯ ಪುಸ್ತಕ ತಂದು, ಒಮ್ಮೆ ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿದಳು. ಮೇಡಂ ಹೇಳಿದ್ದಕ್ಕೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

"ಅವನು ಎಸೆದದ್ದನ್ನ ಯಾರಾದ್ರೂ ನೋಡಿದ್ರಾ? ಅವನ ಗುರುತಿನವರು?" ಎಂದು ಕೇಳಿದೆ.

"ಇಲ್ಲ ಅಂಕಲ್, ಹಾಗೇನೂ ಹೇಳಿಲ್ಲ. ಅಷ್ಟು ಜನರಲ್ಲಿ ಇವನು ಯಾರು ಅಂತ ಯಾರಿಗ್ ಗೊತ್ತಿರುತ್ತೆ? ಹೀ ಜಸ್ಟ್ ಟೆಲ್ಸ್ ಅಸ್. ಯಾಕೆ ಹೇಳ್ಕೊಂಡ ಅಂತ ನಂಗೂ ಅನ್ಸುತ್ತೆ. ಬಿಟ್ಟಿದ್ರೆ ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ."

ಅಲ್ಲಿಗೆ ನನಗೆ ಅರ್ಥವಾಯಿತು. ಅಪರಿಚಿತರ ನಡುವೆ, ಗೊತ್ತಿಲ್ಲದ ಊರಿನಲ್ಲಿ ಮಾಡಿದ ಒಂದು ಸಣ್ಣ ಕ್ರೂರ ಕೆಲಸ. ಮರೆಮಾಚಲು ಅವನು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಆದರೂ ಬರೆದ. ಹಣ್ಣು ಕೊಟ್ಟವನನ್ನು ನಾನು ಮೂವತ್ತೈದು ವರ್ಷ ಮೆಚ್ಚಿದ್ದೆ. ತಪ್ಪನ್ನು ತಾನೇ ಹೇಳಿಕೊಂಡ ಈ ಮನುಷ್ಯನ ಎದುರು ಅವನು ಏನೂ ಅಲ್ಲ ಅನ್ನಿಸಿತು. ನಾನಂತೂ ಕಣ್ಣು ಕಾಣದವರ ಎದುರು ಕೂತು, ಅವರ ಕಿವಿಗೆ ಸುಳ್ಳು ಓದಿದ್ದೆ.

ಮೇಡಂ ಚರ್ಚಿಗೆ ಹೊರಡಲು ಬಿಳಿ ಸೀರೆಯುಟ್ಟು ಹೊರಗೆ ಬಂದರು. ನಾನು ಎದ್ದು ನಿಂತೆ.

"ಮೇಡಂ, ನಿನ್ನೆ ನಾನು ಬರೀಲಿಲ್ಲ. ಬರೆದೆ ಅಂತ ಓದ್ದೆ ಅಷ್ಟೇ."

ಶೀಲಾಳ ಲೋಟ ಮೇಜಿನ ಮೇಲೆ ಕೂತ ಸದ್ದು ಕೇಳಿಸಿತು. ಮೇಡಂ ನಿಂತಲ್ಲೇ ನಿಂತರು. ಅವರ ಮುಖ ಕೆಂಪಾಯಿತು. ಅವರಿಗೆ ನೋವಾಯಿತು, ನನಗೆ ಅದು ಕಂಡಿತು, ಅವರಿಗೆ ನನ್ನ ಮುಖ ಕಾಣದಿದ್ದದ್ದು ನನ್ನ ಪುಣ್ಯ. ಕೊನೆಗೆ ಮೆಲ್ಲಗೆ ಕುರ್ಚಿ ಹುಡುಕಿ ಕೂತರು.

"ನಾನು ಹೇಳೋಕೆ ಮೂವತ್ತೈದು ವರ್ಷ ತಗೊಂಡೆ. ನೀವು ಒಂದೇ ದಿನ ತಗೊಂಡ್ರಿ," ಎಂದರು. "ಶೀಲಾ, ಹೊರಡೋಕೆ ಎಷ್ಟು ಹೊತ್ತಿದೆ?"

"ಟ್ವೆಂಟಿ ಮಿನಿಟ್ಸ್ ಇದೆ ಅಮ್ಮ."

"ಪೆನ್ನು ತಗೊಳ್ಳಿ ಮಾದಯ್ಯನೋರೆ."

ಅವರು ಮತ್ತೆ ಹೇಳಿದರು, ನಾನು ಬರೆದೆ. ಹಳೆಯ ಸಾಲಿನ ಮೇಲೆ ಗೆರೆ ಎಳೆಯುವಾಗ ಕೈ ಒಂದು ಸಲ ನಿಂತಿತು, ಆದರೂ ಎಳೆದೆ. ಮುಗಿದ ಮೇಲೆ ಹಾಳೆಯನ್ನು ಶೀಲಾಳ ಕಡೆ ನೂಕಿದೆ. "ಈ ಸಲ ನೀನು ಓದಮ್ಮ. ನಾನು ಓದೋದು ಸರಿಯಲ್ಲ."

ಮೇಡಂ ತಲೆಯಾಡಿಸಿದರು. "ಬೇಡ. ಅವರೇ ಓದ್ಲಿ."

ಓದಿದೆ. ಈ ಸಲ ದನಿ ನಡುಗಿತು. ಅವರು ಕೊನೆಯವರೆಗೂ ಕೇಳಿ, ಹೂಂ ಎಂದರು. ಶೀಲಾ ಆ ಪುಟವನ್ನು ಸ್ಕ್ಯಾನ್ ಮಾಡಿಟ್ಟಳು.

ಹೊರಡುವಾಗ ನಾನು ಮುಂಬಾಗಿಲು ಹಿಡಿದು ನಿಂತೆ. ಮೇಡಂ ವಾಕರ್ ನೂಕುತ್ತ ತಮ್ಮ ಪಾಡಿಗೆ ನಿಧಾನವಾಗಿ ಬಂದರು. ಹೊಸ್ತಿಲ ಹತ್ತಿರ ಬಂದಾಗ ನನ್ನನ್ನು ಕೊರೆಯುತ್ತಿದ್ದದ್ದನ್ನು ಕೇಳಿಯೇಬಿಟ್ಟೆ.

"ಆಯುಧಪೂಜೆ ದಿನ ಮಕ್ಕಳು ಕಥೆ ಕೇಳ್ತಾವೆ ಮೇಡಂ. ಏನ್ ಹೇಳ್ಲಿ?"

"ಅವನು ಎಸೆದ, ಆಮೇಲೆ ತಾನೇ ಎಲ್ಲರಿಗೂ ಹೇಳ್ದ ಅಂತ ಹೇಳಿ. ಹೇಳಿ ಹಣ್ಣು ಕೊಡಿ." ವಾಕರ್ ಹೊಸ್ತಿಲು ದಾಟಿತು. "ಇಷ್ಟು ವರ್ಷ ಕೊಟ್ಟಿರೋದು ನೀವು ಮಾದಯ್ಯನೋರೆ. ಅವನೂ ಅಲ್ಲ, ನಾನೂ ಅಲ್ಲ."

ಶೀಲಾ ಕಾರಿನಿಂದ ಕೂಗಿ ಹೇಳಿದಳು: "ಅಂಕಲ್, ಆ ಆರೆಂಜಸ್ ತಗೊಂಡ್ ಬನ್ನಿ. ನಮ್ ಚರ್ಚಲ್ಲಿ ಮಕ್ಕಳಿದಾರೆ. ಅವರಮ್ಮಂದಿರು ನಂಗೆ ಗೊತ್ತಿರೋರೇ, ನಾನ್ ಕೇಳಿ ಕೊಡಿಸ್ತೀನಿ."

ನಾನು ಒಳಗೆ ಹೋಗಿ ಚೀಲ ತೆಗೆದುಕೊಂಡೆ. ಹೊರಡುವ ಮೊದಲು ಆರು ಹಣ್ಣುಗಳನ್ನೂ ಒಂದೊಂದಾಗಿ ಅಂಗೈಯಲ್ಲಿ ಒತ್ತಿ ನೋಡಿದೆ. ಒಣಗಿದ್ದು ಒಂದೂ ಇರಲಿಲ್ಲ.